ಕಂಪ್ಯೂಟರ್ ಸ್ಲೋ, ಎಲ್ಲಿ ಒತ್ತಿದ್ರೂ ಜಾಹೀರಾತು: ಫಾರ್ಮ್ಯಾಟ್ ಮಾಡಿಸೋ ಮೊದಲು ಇದನ್ನು ಓದಿ

ತಿಂಗಳ 20ನೇ ತಾರೀಖು ಹತ್ತಿರ ಬಂತು ಅಂದ್ರೆ ಅಂಗಡಿಗಳಲ್ಲಿ ಜಿಎಸ್‌ಟಿ ರಿಟರ್ನ್ ಗಡಿಬಿಡಿ. ಅದೇ ಹೊತ್ತಿಗೆ ಕಂಪ್ಯೂಟರ್ ಕೈಕೊಡುತ್ತದೆ. ಆನ್ ಆಗೋಕೆ ಹತ್ತು ನಿಮಿಷ, ಕ್ರೋಮ್ ತೆರೆದರೆ ಗುರುತೇ ಇಲ್ಲದ ಸರ್ಚ್ ಪೇಜ್, ಮೂಲೆಯಲ್ಲಿ 'ನಿಮ್ಮ ಪಿಸಿಗೆ ವೈರಸ್ ಬಂದಿದೆ' ಅನ್ನೋ ಚೀಟಿ. ಹೆಚ್ಚಿನವರು ಸಿಪಿಯು ಹೊತ್ಕೊಂಡು ಸೀದಾ ರಿಪೇರಿ ಅಂಗಡಿಗೆ ಹೋಗಿ ಫಾರ್ಮ್ಯಾಟ್ ಮಾಡಿಸ್ತಾರೆ. ಬ್ಯಾಕಪ್ ಇಲ್ಲದಿದ್ದರೆ ಟ್ಯಾಲಿ ಲೆಕ್ಕ, ಮಕ್ಕಳ ಫೋಟೊ ಎಲ್ಲವೂ ಹೋಗುತ್ತೆ. ಇಂಥ ಲಕ್ಷಣ ಕಂಡರೆ ಅದು ಹೆಚ್ಚಿನ ಸಲ ಆಡ್‌ವೇರ್. ಮನೆಯಲ್ಲೇ ಒಂದೆರಡು ಗಂಟೆ ಕೂತರೆ, ಕಾಸು ಖರ್ಚಿಲ್ಲದೆ ತೆಗೆಯಬಹುದು.

ಆಡ್‌ವೇರ್ ಅಂದ್ರೆ ಏನು?

ಜಾಹೀರಾತು ತೋರಿಸಿ ಅದನ್ನು ಮಾಡಿದವರಿಗೆ ದುಡ್ಡು ತಂದುಕೊಡೋ ಸಾಫ್ಟ್‌ವೇರ್. ಸಾಮಾನ್ಯವಾಗಿ ನಾವೇ ಒಳಗೆ ಕರ್ಕೊಂಡಿರ್ತೀವಿ. ನುಡಿ, ಪಿಡಿಎಫ್ ಕನ್ವರ್ಟರ್, ಪ್ರಿಂಟರ್ ಡ್ರೈವರ್ ಹುಡುಕುವಾಗ ಯಾವುದೋ ಸೈಟಿನ ದೊಡ್ಡ ಹಸಿರು 'ಡೌನ್‌ಲೋಡ್' ಬಟನ್ ಒತ್ತಿ, ಆಮೇಲೆ ಓದದೆ 'ನೆಕ್ಸ್ಟ್, ನೆಕ್ಸ್ಟ್' ಅಂತ ಹೋದರೆ ಜೊತೆಗೆ ಇನ್ನೆರಡು ಇಳಿಯುತ್ತವೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಇನ್ನೊಂದು ದಾರಿ.

ಬರೀ ಕಿರಿಕಿರಿ ಅಂತ ಬಿಡೋ ಹಾಗಿಲ್ಲ. ಬ್ರೌಸರ್ ಎಕ್ಸ್‌ಟೆನ್ಷನ್ ಹಾಕುವಾಗ 'ಎಲ್ಲಾ ವೆಬ್‌ಸೈಟ್‌ಗಳ ಡೇಟಾ ಓದಲು, ಬದಲಿಸಲು' ಅನುಮತಿ ಕೊಟ್ಟಿದ್ದರೆ, ನೆಟ್ ಬ್ಯಾಂಕಿಂಗ್ ಪುಟವೂ ಅದರ ಕಣ್ಣಿಗೆ ಬೀಳುತ್ತದೆ. ಹೊಸ ಕಂಪ್ಯೂಟರ್ ಅಂದರೂ ಗ್ಯಾರಂಟಿ ಇಲ್ಲ. 2015ರಲ್ಲಿ ಲೆನೊವೊ ಕಂಪನಿಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಅನ್ನೋ ಆಡ್‌ವೇರ್ ಫ್ಯಾಕ್ಟರಿಯಿಂದಲೇ ಬಂದಿದ್ದು ಬಯಲಾಗಿತ್ತು.

ಮೊದಲು ನೋಟಿಫಿಕೇಷನ್ ನೋಡಿ

ಪರದೆಯ ಬಲ ಮೂಲೆಯಲ್ಲಿ ಮಾತ್ರ ಚೀಟಿ ಬರ್ತಿದ್ದರೆ ಅದು ಸಾಫ್ಟ್‌ವೇರೇ ಅಲ್ಲದಿರಬಹುದು. ಯಾವುದೋ ಸೈಟ್ 'ಅಲೋ' ಕೇಳಿದಾಗ ಒತ್ತಿದ ಫಲ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಆಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್‌ಗೆ ಹೋಗಿ. 'ಅಲೋ' ಪಟ್ಟಿಯಲ್ಲಿರೋ ಗುರುತಿಲ್ಲದ ಹೆಸರುಗಳನ್ನು ತೆಗೆದುಹಾಕಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತೆ.

ಮುಗಿಯದಿದ್ದರೆ ಈ ಕ್ರಮದಲ್ಲಿ ಹೋಗಿ

1. ಬ್ಯಾಕಪ್. ಟ್ಯಾಲಿ ಡೇಟಾ, ದಾಖಲೆ, ಫೋಟೊ ಪೆನ್‌ಡ್ರೈವ್‌ಗೆ ಹಾಕಿ ತೆಗೆದಿಡಿ.

2. ಅನ್‌ಇನ್‌ಸ್ಟಾಲ್. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಆಪ್ಸ್ ತೆರೆದು, ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನದ ಆಸುಪಾಸು ಬಂದಿರೋ, ನೀವು ಹಾಕದ ಟೂಲ್‌ಬಾರ್, 'ಪಿಸಿ ಬೂಸ್ಟರ್', ಕೂಪನ್ ಹೆಸರಿನವು ಇದ್ದರೆ ತೆಗೆಯಿರಿ. ಡ್ರೈವರ್, ಮೈಕ್ರೋಸಾಫ್ಟ್ ಹೆಸರಿನವು ಮುಟ್ಟಬೇಡಿ.

3. ಬ್ರೌಸರ್. ಮೊದಲು ಕ್ರೋಮ್ ಸಿಂಕ್ ಆಫ್ ಮಾಡಿ. ಇಲ್ಲಾಂದ್ರೆ ತೆಗೆದ ಎಕ್ಸ್‌ಟೆನ್ಷನ್ ಗೂಗಲ್ ಖಾತೆಯಿಂದ ಮತ್ತೆ ಇಳಿಯುತ್ತೆ. 'ಎಷ್ಟು ತೆಗೆದ್ರೂ ವಾಪಸ್ ಬರುತ್ತೆ' ಅನ್ನೋದಕ್ಕೆ ಇದೂ ಒಂದು ಕಾರಣ. ಬೇಡದ ಎಕ್ಸ್‌ಟೆನ್ಷನ್ ತೆಗೆದು, ಸೆಟ್ಟಿಂಗ್ಸ್‌ನಲ್ಲಿ 'ರೀಸೆಟ್ ಸೆಟ್ಟಿಂಗ್ಸ್' ಒತ್ತಿ. ಬುಕ್‌ಮಾರ್ಕ್, ಸೇವ್ ಆದ ಪಾಸ್‌ವರ್ಡ್ ಹೋಗೋದಿಲ್ಲ.

4. ಐಕಾನ್. ಡೆಸ್ಕ್‌ಟಾಪ್‌ನ ಕ್ರೋಮ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. 'ಟಾರ್ಗೆಟ್' ಸಾಲಿನ ಕೊನೆಯಲ್ಲಿ ಯಾವುದಾದರೂ ವೆಬ್ ವಿಳಾಸ ಅಂಟಿಕೊಂಡಿದ್ದರೆ ಆ ಶಾರ್ಟ್‌ಕಟ್ ಅಳಿಸಿ ಹೊಸದು ಮಾಡಿ.

5. ಆಡ್‌ಡಬ್ಲ್ಯೂಕ್ಲೀನರ್. ಮಾಲ್‌ವೇರ್‌ಬೈಟ್ಸ್ ಕಂಪನಿಯ ಉಚಿತ ಟೂಲ್ ಇದು. ಅವರ ಸ್ವಂತ ಸೈಟಿನಿಂದಲೇ ಇಳಿಸಿ. ಇನ್‌ಸ್ಟಾಲ್ ಮಾಡೋ ರಗಳೆ ಇಲ್ಲ. ಸ್ಕ್ಯಾನ್ ಮಾಡಿ, ಸಿಕ್ಕಿದ್ದನ್ನು ಕ್ವಾರಂಟೈನ್ ಮಾಡಿ ರೀಸ್ಟಾರ್ಟ್ ಮಾಡಿ. ಮನೆ ಕಂಪ್ಯೂಟರಿನ ಕ್ರೋಮ್ ಮೆನುವಿನಲ್ಲಿ 'ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಷನ್' ಅಂತ ಬರ್ತಿದ್ದರೆ, ಇದೇ ಟೂಲಿನ ಸೆಟ್ಟಿಂಗ್ಸ್‌ನಲ್ಲಿ ಕ್ರೋಮ್ ಪಾಲಿಸಿ ರೀಸೆಟ್ ಆನ್ ಮಾಡಿ ಮತ್ತೊಮ್ಮೆ ಓಡಿಸಿ.

6. ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್. ಹಠಮಾರಿ ಆಡ್‌ವೇರ್ ವಿಂಡೋಸ್ ಓಡುವಾಗ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಈ ಸ್ಕ್ಯಾನ್ ವಿಂಡೋಸ್ ಶುರುವಾಗೋ ಮೊದಲೇ ನಡೆಯುತ್ತೆ. ವಿಂಡೋಸ್ ಸೆಕ್ಯುರಿಟಿಯ 'ಸ್ಕ್ಯಾನ್ ಆಪ್ಷನ್ಸ್'ನಲ್ಲಿದೆ, ಸುಮಾರು 15 ನಿಮಿಷ ಸಾಕು. ತೆರೆದಿರೋ ಫೈಲ್ ಸೇವ್ ಮಾಡಿ ಶುರು ಮಾಡಿ.

ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಸೈಟಿನಲ್ಲೂ ಉಚಿತ ಟೂಲ್‌ಗಳು ಸಿಗುತ್ತವೆ.

ಎಲ್ಲಾ ಮುಗಿದ ಮೇಲೆ ಬ್ಯಾಂಕ್, ಇಮೇಲ್, ಜಿಎಸ್‌ಟಿ ಪಾಸ್‌ವರ್ಡ್‌ಗಳನ್ನು ಬದಲಿಸಿ.

ಪರದೆ ಮೇಲಿನ ನಂಬರ್‌ಗೆ ಫೋನ್ ಮಾಡಬೇಡಿ

'ಕಂಪ್ಯೂಟರ್ ಲಾಕ್ ಆಗಿದೆ, ಮೈಕ್ರೋಸಾಫ್ಟ್‌ಗೆ ಕರೆ ಮಾಡಿ' ಅಂತ ನಂಬರ್ ಸಮೇತ ಬಂದರೆ ಅದು ಮೋಸ. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರೋದೇ ಇಲ್ಲ. ಕರೆ ಮಾಡಿದರೆ ಎನಿಡೆಸ್ಕ್‌ನಂಥ ಆಪ್ ಹಾಕಿಸಿ ಖಾತೆ ಖಾಲಿ ಮಾಡ್ತಾರೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯೋ ಅವಕಾಶ ಹೆಚ್ಚು.

ಆಮೇಲೂ ಸ್ಲೋ ಇದ್ರೆ?

ಟಾಸ್ಕ್ ಮ್ಯಾನೇಜರ್‌ನಲ್ಲಿ 'ಸ್ಟಾರ್ಟಪ್' ಪಟ್ಟಿ ನೋಡಿ, ಬೇಡದ್ದನ್ನು ಡಿಸೇಬಲ್ ಮಾಡಿ. ಡಿಸ್ಕ್ ಸದಾ 100% ತೋರಿಸ್ತಿದ್ದು, ಒಳಗಿರೋದು ಹಳೇ ಹಾರ್ಡ್‌ಡಿಸ್ಕ್ ಆಗಿದ್ದರೆ, ತಪ್ಪು ಆಡ್‌ವೇರ್‌ದು ಆಗಿರಲಿಕ್ಕಿಲ್ಲ. ಎಸ್‌ಎಸ್‌ಡಿ ಹಾಕಿಸಿದ್ರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಅನ್ನೋದೂ ನೆನಪಿರಲಿ.

ಮತ್ತೆ ಬರಬಾರದು ಅಂದ್ರೆ ವಿಂಡೋಸ್ ಸೆಕ್ಯುರಿಟಿಯ 'ಆಪ್ ಆಂಡ್ ಬ್ರೌಸರ್ ಕಂಟ್ರೋಲ್'ನಲ್ಲಿ 'ಪೊಟೆನ್ಷಿಯಲಿ ಅನ್‌ವಾಂಟೆಡ್ ಆಪ್ ಬ್ಲಾಕಿಂಗ್' ಆನ್ ಇಡಿ. ಸಾಫ್ಟ್‌ವೇರ್ ಬೇಕಿದ್ರೆ ಮಾಡಿದವರ ಸೈಟಿಗೇ ಹೋಗಿ. ಸಾಧ್ಯ ಇದ್ದರೆ ಲೆಕ್ಕಪತ್ರದ ಕಂಪ್ಯೂಟರೇ ಬೇರೆ, ಮಕ್ಕಳು ಗೇಮ್ ಆಡೋದೇ ಬೇರೆ ಇರಲಿ. ಒಂದೇ ಇದ್ದರೆ ಮಕ್ಕಳಿಗೆ ಅಡ್ಮಿನ್ ಅಲ್ಲದ ಬೇರೆ ಯೂಸರ್ ಖಾತೆ ಮಾಡಿಕೊಡಿ.