ಹಡಗು ಮೊದಲು, ಅರ್ಜಿ ಆಮ್ಯಾಲೆ: ಆನಂದಿಬಾಯಿ ಜೋಶಿ ಕತಿ

ಕೊಲ್ಹಾಪುರ ಅಂದ್ರ ನಮ್ಮ ಬೆಳಗಾವಿ, ನಿಪ್ಪಾಣಿ ಕಡೆ ಹೆಣ್ಮಕ್ಕಳಿಗೆ ಮೊದಲ ನೆನಪಾಗೋದು ಮಹಾಲಕ್ಷ್ಮಿ. ಆಮ್ಯಾಲೆ ಬೆಲ್ಲ, ಚಪ್ಪಲಿ. ಅದೇ ಊರಾಗ ನೂರಾ ನಲವತ್ತು ವರ್ಷಕ್ಕೂ ಹಿಂದ ಒಬ್ಬ ಪೋಸ್ಟ್ ಆಫೀಸಿನ ಗುಮಾಸ್ತ, ತನ್ನ ಹೆಂಡತಿಗೆ ಅಮೆರಿಕಾದಾಗ ಓದಿಸಬೇಕು ಅಂತ ಒಂದು ಪತ್ರ ಬರದಿದ್ದ. ಅವರು ಗೋಪಾಳರಾವ್ ಜೋಶಿ. ಹೆಂಡತಿ ಆನಂದಿಬಾಯಿ.

ಈಗ ನಮ್ಮ ಮನಿ ಹುಡುಗೂರು ಪರದೇಶದ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿ, ಮೊಬೈಲ್ ಹಿಡಕೊಂಡು "ಮೇಲ್ ಬಂತೇನು" ಅಂತ ದಿನಕ್ಕ ಇಪ್ಪತ್ತು ಸಲ ನೋಡ್ತಾರ. ಅವ್ವ ತುಪ್ಪದ ದೀಪ ಹಚ್ಚತಾಳ, ಅಪ್ಪ ಬ್ಯಾಂಕಿನ ಸಾಲದ ಕಾಗದ ಹೊಂದಸ್ತಾನ. ಹೂಂ ಅಂತ ಉತ್ತರ ಬಂದ ಮ್ಯಾಲೆ ವಿಮಾನದ ಟಿಕೆಟ್. ಆನಂದಿಬಾಯಿದು ಪೂರಾ ಉಲ್ಟಾ ನೋಡ್ರಿ. ಆಕಿ ಮೊದಲ ಹಡಗು ಹತ್ತಿದ್ಲು, ಅರ್ಜಿ ಬರದಿದ್ದು ಆಮ್ಯಾಲೆ!

ಆಕಿ ಹುಟ್ಟಿದ್ದು 1865ರ ಮಾರ್ಚ್ 31ಕ್ಕ, ಕಲ್ಯಾಣದಾಗ. ತವರಿನ ಹೆಸರು ಯಮುನಾ. ಒಂಬತ್ತು ವರ್ಷಕ್ಕ ಮದವಿ. ಗಂಡ ಆಕಿಗಿಂತ ಭಾಳ ದೊಡ್ಡವರು, ಮೊದಲ ಹೆಂಡತಿ ತೀರಿಕೊಂಡಿದ್ರು. ಅವರಿಗೆ ಹೆಣ್ಣಿಗೆ ಓದಿಸೋ ಹುಚ್ಚು. ಬ್ಯಾರೆ ಗಂಡಂದಿರು ಅಡಗಿ ಮಾಡಲಿಲ್ಲಂತ ಹೊಡದ್ರ, ಇವರು ಓದಲಿಲ್ಲಂತ ಹೊಡೀತಿದ್ರು. ಹತ್ತು ವರ್ಷದ ಪೋರಿಗೆ ಕಟಗಿ ಚೂರಿಲೆ ಹೊಡದದ್ದು, ಪುಸ್ತಕ ಕುರ್ಚಿ ಒಗದದ್ದು, ಎಲ್ಲಾ ಆಕಿನ ಮುಂದ ಗಂಡಗ ಬರದ ಪತ್ರದಾಗ ನೆನಸ್ಯಾಳ. "ಗಂಡ ಓದಿಸಿದ, ಹೆಂಡತಿ ಡಾಕ್ಟರ್ ಆದ್ಲು" ಅಂತ ಕತಿ ಹೇಳಿ ಮುಗಸೋರು ಇದನ್ನ ಬಿಟ್ಟಬಿಡತಾರ. ಬಿಡಬಾರದು.

ಆದ್ರ ಡಾಕ್ಟರ್ ಆಗಬೇಕು ಅನ್ನೋ ಹಟ ಗಂಡಂದಲ್ಲ, ಆಕಿದು. ಹದಿನಾಲ್ಕು ವರ್ಷಕ್ಕ ಒಂದು ಗಂಡು ಕೂಸು ಹಡದ್ಲು. ಹತ್ತು ದಿನ ಇತ್ತು, ಹೋತು. ಸರಿಯಾದ ಔಷಧೋಪಚಾರ ಸಿಗಲಿಲ್ಲ. ಆಗಿನ ಹೆಣ್ಮಕ್ಕಳು ಗಂಡು ಡಾಕ್ಟರ್ ಮುಂದ ಹೋಗೋದು ದೂರ ಉಳೀತು, ತಮ್ಮ ಬ್ಯಾನಿ ಹೆಸರೂ ಹೇಳ್ತಿರಲಿಲ್ಲ. ನಮ್ಮ ಅಜ್ಜಿ ಕಾಲದ ತನಕಾನೂ ಇದ ಇತ್ತಲ್ರಿ. ಹೊಟ್ಟಿ ಹಿಡಕೊಂಡು ಕತ್ತಲ ಕೋಣ್ಯಾಗ ಮಲಗೋರೇ ಹೊರತು ದವಾಖಾನಿ ಮೆಟ್ಟಲ ಹತ್ತತಿರಲಿಲ್ಲ.

ಗೋಪಾಳರಾಯರು ಪತ್ರ ಬರದದ್ದು ರಾಯಲ್ ವೈಲ್ಡರ್ ಅನ್ನೋ ಅಮೆರಿಕಾದ ಪಾದ್ರಿಗೆ. ಆತ ಕ್ರಿಸ್ತಾನರಾದ್ರ ಸಹಾಯ ಮಾಡ್ತೀನಿ ಅಂದ. ಇವರು ಒಲ್ಲೆ ಅಂದ್ರು. ಆತ ಆ ಪತ್ರನ್ನ ತನ್ನ ಪತ್ರಿಕಾದಾಗ ಅಚ್ಚು ಹಾಕಿಸಿದ. 1880ರ ಹೊತ್ತಿಗೆ ನ್ಯೂಜೆರ್ಸಿಯ ರೊಸೆಲ್ ಊರಿನ ಥಿಯೊಡಿಸಿಯಾ ಕಾರ್ಪೆಂಟರ್ ಅನ್ನೋ ಗೃಹಿಣಿ ಹಲ್ಲಿನ ಡಾಕ್ಟರ್ ಕಡೆ ಹೋದಾಗ, ತನ್ನ ಪಾಳಿ ಬರೋ ತನಕ ಅದನ್ನ ಓದಿದ್ರು. ಮನಸಿಗೆ ಹತ್ತಿ, ಆನಂದಿಬಾಯಿಗೆ ಕಾಗದ ಬರದ್ರು. ಅಲ್ಲಿಂದ ಮೂರು ವರ್ಷ ಇಬ್ಬರ ನಡುವ ಕಾಗದ ಓಡ್ಯಾಡಿದ್ವು. ಆನಂದಿಬಾಯಿ ಅವರಿಗೆ ಮಾವಶಿ ಅಂತಿದ್ಲು. ನಮ್ಮ ಕಡೆ ಮಾತಿನಾಗ ಹೇಳಬೇಕಂದ್ರ ಮೌಶಿ.

ಅಷ್ಟರಾಗ ಗಂಡಗ ಬಂಗಾಲಕ್ಕ ವರ್ಗ ಆತು. 1883ರಾಗ ಹೊರಡೋಕ್ಕಿಂತ ಮೊದಲ ಸೇರಾಂಪುರದ ಕಾಲೇಜಿನಾಗ ಆಕಿ ಇಂಗ್ಲಿಷಿನಾಗ ಭಾಷಣ ಮಾಡಿದ್ಲು. ಜನ ಕೇಳೋ ಪ್ರಶ್ನೆ ತಾನೇ ಎತ್ತಿ ತಾನೇ ಉತ್ತರ ಕೊಟ್ಟಳು. ಅಮೆರಿಕಾಕ್ಕ ಯಾಕ ಹೋಗ್ತಿ? ಇಲ್ಲೇ ಓದಲಿಕ್ಕೆ ಬರೂದಿಲ್ಲೇನು? ಒಬ್ಬಾಕಿನ ಯಾಕ? ತಿರುಗಿ ಬಂದ್ರ ಜಾತಿಯಿಂದ ಹೊರಗ ಹಾಕೂದಿಲ್ಲೇನು? ಅಲ್ಲೇನಾರ ಅನಾಹುತ ಆದ್ರ? ಯಾವ ಹೆಣ್ಣೂ ಮಾಡದ್ದು ನೀ ಯಾಕ ಮಾಡಬೇಕು? ಈ ಆರು ಪ್ರಶ್ನೆ ಇವತ್ತೂ ನಮ್ಮ ಓಣ್ಯಾಗ ಅವ ನೋಡ್ರಿ, ಜಾತಿದೊಂದು ಬಿಟ್ಟರ! ಮದ್ರಾಸ್ ಮೆಡಿಕಲ್ ಕಾಲೇಜಿನಾಗ 1875ರಿಂದನ ಹೆಣ್ಮಕ್ಕಳಿಗೆ ಪ್ರವೇಶ ಇತ್ತು. ಆದ್ರ ಕ್ರಿಸ್ತಾನಳೂ ಅಲ್ಲದ, ಬ್ರಹ್ಮ ಸಮಾಜದಾಕಿನೂ ಅಲ್ಲದ ಬ್ರಾಹ್ಮಣರ ಹೆಣ್ಣಮಗಳು ಇಲ್ಲಿ ಓದೋದು ಕಷ್ಟ ಅಂತ ಆಕಿ ಅನುಭವದಿಂದ ಹೇಳಿದ್ಲು. ಹಿಂದೂ ಆಗೇ ಹೋಗ್ತೀನಿ, ಹಿಂದೂ ಆಗೇ ಬರ್ತೀನಿ ಅಂದ್ಲು.

ಏಪ್ರಿಲ್ 7ಕ್ಕ ಕಲ್ಕತ್ತಾದಿಂದ ಹಡಗು ಬಿಡ್ತು. ಜೂನ್ 4ಕ್ಕ ನ್ಯೂಯಾರ್ಕ್. ಹತ್ತತ್ರ ಎರಡು ತಿಂಗಳ ನೀರಿನ ಮ್ಯಾಲೆ. ವಯಸ್ಸು ಹದಿನೆಂಟು, ಗಂಡ ಜೊತಿಗಿಲ್ಲ, ಕಾಲೇಜಿನ ಪ್ರವೇಶ ಇನ್ನೂ ಗಟ್ಟಿ ಆಗಿಲ್ಲ.

ಅರ್ಜಿ ಬರದದ್ದು ಜೂನ್ 28ಕ್ಕ, ಮೌಶಿ ಮನ್ಯಾಗ ಕೂತು. ಕಾಲೇಜು ಫಿಲಡೆಲ್ಫಿಯಾದ ವಿಮೆನ್ಸ್ ಮೆಡಿಕಲ್ ಕಾಲೇಜ್ ಆಫ್ ಪೆನ್ಸಿಲ್ವೇನಿಯಾ. ಹೆಣ್ಮಕ್ಕಳಿಗಂತನ 1850ರಾಗ ಸುರು ಆದದ್ದು. ಆ ಪತ್ರದಾಗ ಆಕಿ ಏನೂ ಮುಚ್ಚಿಡಲಿಲ್ಲ. ನೀವು ಕೇಳೋ ಎಲ್ಲಾ ಅರ್ಹತಾ ನನಗ ಇರಲಿಕ್ಕಿಲ್ಲ, ನಂದು ಬ್ಯಾರೆ ತರಹದ ಪ್ರಕರಣ, ದಯಾ ಇರಲಿ ಅಂದ್ಲು. ಆರೋಗ್ಯ ಚಲೋ ಅದ ಅಂದ್ಲು. ಬಂಧು ಬಳಗ, ಜಾತಿ ಎಲ್ಲಾ ಎದುರು ನಿಂತರೂ ಇಲ್ಲಿ ತನಕ ಬಂದೀನಲ್ಲ, ಆ ಹಟಾನ ಓದಿಗೂ ಸಾಕಾಗ್ತದ ಅಂದ್ಲು. ಗಂಡು ಡಾಕ್ಟರ್ ಕಡೆ ತೋರಿಸೋಕ್ಕಿಂತ ಸಾಯೋದ ಮೇಲು ಅನ್ನೋ ನನ್ನ ದೇಶದ ಹೆಣ್ಮಕ್ಕಳ ಸಲುವಾಗಿ ಬಂದೀನಿ ಅಂತ ಬರದ್ಲು.

ಉತ್ತರ ಬರೋ ತನಕ ಆಕಿ ಮನಸು ಹ್ಯಾಂಗಿತ್ತೋ! ಇಲ್ಲ ಅಂತ ಬಂದಿದ್ರ ಯಾವ ಮುಖ ಹೊತ್ತು ಮರಳಬೇಕಿತ್ತು? ಮನಿಗೆ ಹೋಗೋ ಹಾದಿ ಎರಡು ತಿಂಗಳದ್ದು, ಆ ಮನಿ ಬಾಗಿಲನೂ ತೆರೀತದ ಅನ್ನೋ ಖಾತ್ರಿ ಇಲ್ಲ. ನಮ್ಮ ಮಕ್ಕಳಿಗೆ ಒಂದು ಕಾಲೇಜು ಇಲ್ಲಂದ್ರ ಇನ್ನೊಂದು ಇರ್ತದ, ಮುಂದಿನ ವರ್ಷ ಇರ್ತದ.

ಕಾಲೇಜಿನ ಡೀನ್ ರೇಚಲ್ ಬಾಡ್ಲಿ. ಅವರು ಕಾಗದದಾಗಿನ ಕೊರತಿ ಎಣಸಲಿಲ್ಲ, ಬರದಾಕಿನ್ನ ನೋಡಿದ್ರು. ಪ್ರವೇಶ ಸಿಕ್ತು. ಮೂರು ವರ್ಷ ಆ ಚಳಿಯಾಗ, ಸೀರಿ ಉಟಗೊಂಡು, ಮಾಂಸ ಮುಟ್ಟದ ಓದಿದ್ಲು. ಹಿಂದೂ ಹೆಣ್ಮಕ್ಕಳ ಬಾಣಂತನದ ಪದ್ಧತಿ ಮ್ಯಾಲೆನ ಪ್ರಬಂಧ ಬರದು 1886ರ ಮಾರ್ಚ್ 11ಕ್ಕ ಎಂ.ಡಿ. ಆದ್ಲು. ಆ ಸಮಾರಂಭಕ್ಕ ಪಂಡಿತಾ ರಮಾಬಾಯಿ ಹೋಗಿದ್ರು. ಅದೇ ವರ್ಷ ಕಲ್ಕತ್ತಾದಾಗ ಕಾದಂಬಿನಿ ಗಂಗೂಲಿನೂ ವೈದ್ಯಕೀ ಮುಗಿಸಿದ್ರು.

ಕೊಲ್ಹಾಪುರ ಸಂಸ್ಥಾನದವರು ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರಿಯ ಹೆಣ್ಮಕ್ಕಳ ವಾರ್ಡು ನೋಡಿಕೊಳ್ರಿ ಅಂತ ಆಕಿಗೆ ನೌಕರಿ ಕೊಟ್ರು. ಅರ್ಜಿಯಾಗ ಆರೋಗ್ಯ ಚಲೋ ಅದ ಅಂತ ಬರದಾಕಿ ಊರಿಗೆ ಬಂದದ್ದು ಕ್ಷಯ ಹೊತಗೊಂಡು. ಕೊಲ್ಹಾಪುರದ ಆ ವಾರ್ಡಿಗೆ ಡಾಕ್ಟರ್ ಬಾಯಿ ಬರಲೇ ಇಲ್ಲ. 1887ರ ಫೆಬ್ರುವರಿ 26ಕ್ಕ ಪುಣೆಯಾಗ ತೀರಿಕೊಂಡ್ಲು. ಇಪ್ಪತ್ತೆರಡು ತುಂಬಲಿಕ್ಕೆ ಇನ್ನೂ ಒಂದು ತಿಂಗಳ ಇತ್ತು. ಬೂದಿನ್ನ ಮೌಶಿಗೆ ಕಳಿಸಿದ್ರು. ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿ ಊರಿನ ಸ್ಮಶಾನದಾಗ, ಕಾರ್ಪೆಂಟರ್ ಮನೆತನದವರ ಜಾಗಾದಾಗ ಆಕಿ ಹೆಸರಿನ ಕಲ್ಲು ಅದ.

ಒಬ್ಬ ರೋಗಿನ್ನೂ ಇಲ್ಲಿ ನೋಡಲಿಲ್ಲ, ಹಾಂಗಾದ್ರ ಏನು ಸಾಧಿಸಿದ್ಲು ಅಂತ ಕೆಲವರು ಕೇಳ್ತಾರ. ನಾ ಪಿಯುಸಿ ಓದಿದಾಕಿ, ದೊಡ್ಡ ಲೆಕ್ಕ ನನಗ ತಿಳಿಯೂದಿಲ್ಲ. ಆದ್ರ ಉತ್ತರ ಕಾಯತಿದ್ದಾಕಿ ಆಕಿ ಒಬ್ಬಾಕಿನ ಅಲ್ಲ, ಇಲ್ಲಿ ಕತ್ತಲ ಕೋಣ್ಯಾಗ ನರಳತಿದ್ದವರೂ ಗೊತ್ತಿಲ್ಲದನ ಕಾಯತಿದ್ರು. ಎರಡ ವರ್ಷಕ್ಕ, 1889ರಾಗ, ಮುಂಬೈಯ ರಖಮಾಬಾಯಿ ಲಂಡನ್ನಿಗೆ ಹೋದ್ರು, ಆಮ್ಯಾಲೆ ಡಾಕ್ಟರಕಿ ಓದಿ ಬಂದ್ರು. ಸೂರತ್, ರಾಜಕೋಟದಾಗ ದಶಕಗಟ್ಟಲೆ ಹೆಣ್ಮಕ್ಕಳ ನಾಡಿ ಹಿಡದ್ರು.

ನಿಮ್ಮ ಮನ್ಯಾಗ ಈ ವರ್ಷ ಯಾರರ ಅರ್ಜಿ ಹಾಕಿ ಕಾಯಲಿಕತ್ತಿದ್ರ, ಮಾರ್ಕ್ಸ್ ಎಷ್ಟು ಅಂತ ಎಲ್ಲಾರೂ ಕೇಳಿರ್ತಾರ. ಯಾರ ಸಲುವಾಗಿ ಓದ್ತಿ ಅಂತ ನೀವೊಮ್ಮೆ ಕೇಳ್ರಿ. ಅದಕ್ಕ ಉತ್ತರ ಇದ್ದವರಿಗೆ ಕಾಯೋದು ಸ್ವಲ್ಪ ಹಗುರ ಆಗ್ತದ.