ಕಾಡಿನ ಕೇರಿಯಿಂದ ರಂಗಕ್ಕೆ: ಸಿದ್ದಿ ಯುವಜನರ ನಾಲ್ಕು ದಶಕ

ಸಿದ್ದಿ ಯುವಜನರ ಚಟುವಟಿಕೆಗಳು ನಡೆದುಬಂದ ದಾರಿಯನ್ನು ಈ ಸಂಚಿಕೆಗೆ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ಸಂತೋಷದಿಂದ ಒಪ್ಪಿದೆ. ಮಂಚಿಕೇರಿ ಭಾಗದಲ್ಲಿ ಮಾಸ್ತರನಾಗಿದ್ದವನು ನಾನು. ಬೇಸಿಗೆ ರಜೆಯ ಶಿಬಿರಗಳಲ್ಲಿ ಈ ಮಕ್ಕಳಿಗೆ ನಾಟಕದ ಮಾತು ಹೇಳಿಕೊಟ್ಟಿದ್ದೇನೆ. ಲೇಖನಿ ರಂಗದ ಕಡೆಗೆ ತುಸು ಹೆಚ್ಚು ವಾಲಿದರೆ ಬಲ್ಲವರು ಸಹಿಸಿಕೊಳ್ಳುತ್ತಾರೆಂಬ ಧೈರ್ಯವಿದೆ.

ಪೋರ್ಚುಗೀಸರ ಕಾಲದಲ್ಲಿ ಪೂರ್ವ ಆಫ್ರಿಕದಿಂದ ಗೋವಾಕ್ಕೆ ಗುಲಾಮರಾಗಿ ಬಂದವರಲ್ಲಿ ಹಲವರು ತಪ್ಪಿಸಿಕೊಂಡು ನಮ್ಮ ಉತ್ತರ ಕನ್ನಡದ ಘಟ್ಟದ ಕಾಡು ಸೇರಿದರು; ಸಿದ್ದಿಗಳು ಅವರ ಪೀಳಿಗೆಯವರು. ಯಲ್ಲಾಪುರ, ಅಂಕೋಲೆಯ ಕಡೆ ಹೆಚ್ಚಿನವರು ಹಿಂದೂಗಳು. ಹಳಿಯಾಳ, ಮುಂಡಗೋಡದ ಕಡೆ ಕ್ರೈಸ್ತರು, ಮುಸಲ್ಮಾನರು. ಬಹುಪಾಲು ಮನೆಗಳಲ್ಲಿ ಆಡುವುದು ಕೊಂಕಣಿ. ಹಿಂದೆ ಹಿರಿಯರು ಬೇರೆಯವರ ತೋಟ, ಗದ್ದೆಗಳಲ್ಲಿ ದುಡಿದು ಬೆನ್ನು ಬಾಗಿಸಿಕೊಂಡರೆ, ಮಕ್ಕಳು ಶಾಲೆಯಲ್ಲಿ ಗುಂಗುರು ಕೂದಲಿಗಾಗಿ ನಗೆಪಾಟಲಾಗಿ ಅರ್ಧಕ್ಕೇ ಓದು ಬಿಡುತ್ತಿದ್ದರು. ಅಹಮದನಗರದ ಆಡಳಿತ ನಡೆಸಿ ಮೊಗಲರನ್ನು ತಡೆದು ನಿಲ್ಲಿಸಿದ ಮಲಿಕ್ ಅಂಬರ್ ಕೂಡ ಆಫ್ರಿಕದಿಂದಲೇ ಬಂದವನೆಂದು ಆ ಮಕ್ಕಳಿಗೆ ಹೇಳುವವರಿರಲಿಲ್ಲ.

ಮೊದಲು ಈ ಕಡೆ ಕಣ್ಣು ಹಾಯಿಸಿದವರನ್ನು ನೆನೆಯಬೇಕು. ಟಿ.ಸಿ. ಪಾಲಾಕ್ಷಪ್ಪನವರು 1976ರಲ್ಲಿ ಉತ್ತರ ಕನ್ನಡದ ಸಿದ್ದಿಗಳ ಕುರಿತ ಅಧ್ಯಯನ ಪ್ರಕಟಿಸಿದರು. 1984ರಲ್ಲಿ ಅಖಿಲ ಕರ್ನಾಟಕ ಸಿದ್ದಿ ಅಭಿವೃದ್ಧಿ ಸಂಘ ಹುಟ್ಟಿತು. ಬಸ್ಸಿಲ್ಲದ ಕೇರಿಗಳಿಗೆ ನಡೆದೇ ಹೋಗಿ, ಮೂರು ಧರ್ಮದವರನ್ನು ಒಂದೇ ಚಾಪೆಯ ಮೇಲೆ ಕೂರಿಸಿದ ಆ ಕಾಲದ ಹಿರಿಯರ ಶ್ರಮ ಸಣ್ಣದಲ್ಲ.

ಅದೇ ಹೊತ್ತಿಗೆ ಕೆ.ವಿ. ಸುಬ್ಬಣ್ಣನವರ ರಂಗಸಂಸ್ಥೆ ನೀನಾಸಂ ಹೆಗ್ಗೋಡಿನಿಂದ ಹೊರಟು ಊರೂರಿನ ಜನರ ಜೊತೆ ನಾಟಕ ಕಟ್ಟತೊಡಗಿತ್ತು. ನೀನಾಸಂನ ಚಿದಂಬರರಾವ್ ಜಂಬೆಯವರು ಮಂಚಿಕೇರಿಗೆ ಬಂದು ಸಿದ್ದಿಗಳಿಂದಲೇ ನಾಟಕ ಮಾಡಿಸಿದರು. ಆರಿಸಿಕೊಂಡದ್ದು ನೈಜೀರಿಯದ ಚಿನುವ ಅಚೆಬೆಯ ಮೊದಲ ಕಾದಂಬರಿಯ ಕಥೆ. ಸಿದ್ದಿಗಳ ಪೂರ್ವಿಕರ ನೆಲ ಆಫ್ರಿಕದ ಪೂರ್ವ ದಿಕ್ಕು, ಈ ಕಥೆಯದು ಪಶ್ಚಿಮ. ಆದರೆ ಬಿಳಿಯರು ಬಂದು ಊರೊಂದರ ಬದುಕು ಒಡೆಯುವ ಸಂಗತಿ ನಟರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಕ್ಷರ ಬಾರದವರು ಕೇಳಿಯೇ ಮಾತು ಕಲಿತರು. ಯಾವ ಮೈಬಣ್ಣಕ್ಕೆ ಪೇಟೆಯಲ್ಲಿ ತಲೆ ತಗ್ಗಿಸುತ್ತಿದ್ದರೋ ಅದೇ ಮೈಬಣ್ಣ ರಂಗದ ಮೇಲೆ ಸೊಗಸಾಯಿತು. ನನ್ನ ಮಟ್ಟಿಗೆ ಸಿದ್ದಿ ಯುವಜನರ ಇತಿಹಾಸ ತಿರುಗಿದ್ದು ಅಲ್ಲಿಯೇ. ಪರಶುರಾಮ ಸಿದ್ದಿ, ಗಿರಿಜಾ ಸಿದ್ದಿ, ಪ್ರಶಾಂತ ಸಿದ್ದಿ ಇವರೆಲ್ಲ ನೀನಾಸಂನಲ್ಲಿ ಕಲಿತವರು. 2011ರ ‘ಪರಮಾತ್ಮ’ ಚಿತ್ರದಲ್ಲಿ ಪ್ರಶಾಂತರನ್ನು ನಾಡೆಲ್ಲ ಕಂಡಿತು.

ಕ್ರೀಡೆಯ ಮಾತೂ ಇದೆ. ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಸಚಿವೆಯಾಗಿದ್ದಾಗ, 1987ರಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯೊಂದನ್ನು ತಂದು ಸಿದ್ದಿ ಮಕ್ಕಳನ್ನು ಆರಿಸಿಕೊಂಡಿತು. ಕಮಲಾ ಸಿದ್ದಿ ಹರ್ಡಲ್ಸ್‌ನಲ್ಲಿ, ಜುಜೆ ಜಾಕಿ ಹರ್ನೋಡ್ಕರ್ ವೇಗದ ಓಟದಲ್ಲಿ ಹೆಸರು ತಂದರು. 1993ರ ಹೊತ್ತಿಗೆ ಸಿದ್ದಿಗಳ ಪಾಲಿಗೆ ಆ ಬಾಗಿಲು ಮುಚ್ಚಿತು. ಎಷ್ಟೋ ಮಕ್ಕಳು ಕೂಲಿಗೆ ಮರಳಿದರು.

ಆಮೇಲಿನ ವರ್ಷಗಳು ಅರ್ಜಿ, ಸಭೆ, ಮನವಿಗಳಲ್ಲಿ ಕಳೆದವು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. 2020ರಲ್ಲಿ ಬೆಳಗಾವಿ, ಧಾರವಾಡದವರೂ ಸೇರಿದರು. ಆ ವರ್ಷವೇ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು.

ಹೆಣ್ಣುಮಕ್ಕಳ ಕೌದಿಯನ್ನು ಬಿಟ್ಟರೆ ಲೇಖನ ಪೂರ್ತಿಯಾಗದು. ಹಳೆ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಮಡಿಚಿದ ಬಟ್ಟೆಯ ‘ಫೂಲ’ ಇಡದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ. ಈ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಕಪ್ಪು ಜನರ ಸಂಸ್ಕೃತಿಗೇ ಮೀಸಲಾದ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅಡಿಗೆಮನೆಯ ಬಿಡುವಿನಲ್ಲಿ ಹೊಲಿದದ್ದು ಅಲ್ಲಿನ ಕಪ್ಪು ಬಾಂಧವರ ಕಣ್ಣೆದುರು ತೂಗಿದ್ದು ಕಡಿಮೆ ಹೆಮ್ಮೆಯೇ?

ಇಷ್ಟರಿಂದ ನಾನು ಕಂಡುಕೊಂಡದ್ದು ಒಂದೇ. ಹೊರಗಿನಿಂದ ಬಂದ ಯೋಜನೆ ಹೊರಗಿನವರ ಮನಸ್ಸು ಬದಲಾದಾಗ ನಿಂತುಹೋಗುತ್ತದೆ. ಕೇರಿಯೊಳಗೇ ಕಲಿತು, ಕೇರಿಯಲ್ಲೇ ಕಲಿಸುವ ವಿದ್ಯೆ ಉಳಿಯುತ್ತದೆ. ಆದ್ದರಿಂದ ಕೇರಿಯ ಹಿರಿಯರಲ್ಲಿ ನನ್ನ ವಿನಂತಿ: ಸಿದ್ದಿಗಳ ಡಮಾಮಿ ಕುಣಿತದ ಹಾಡು, ಹೆಜ್ಜೆಗಳನ್ನು ಹಬ್ಬದ ದಿನಕ್ಕೆ ಮಾತ್ರ ಎತ್ತಿಡಬೇಡಿ, ವಾರಕ್ಕೊಂದು ಸಂಜೆ ಮಕ್ಕಳನ್ನು ಕೂರಿಸಿಕೊಂಡು ಕಲಿಸಿ. ಓದಿ ನೌಕರಿ ಹಿಡಿದ ಯುವಕ ಯುವತಿಯರೇ, ರಜೆಗೆ ಊರಿಗೆ ಬಂದಾಗ ಆ ಸಂಜೆ ತಪ್ಪಿಸಬೇಡಿ.