ಮಂಗಳೂರಿನಲ್ಲೊಬ್ಬ ಹನ್ನೆರಡನೇ ಶತಮಾನದ ಅಲೆಮಾರಿ ವ್ಯಾಪಾರಿ

ಹೆಗಲಿಗೊಂದು ಲ್ಯಾಪ್‌ಟಾಪ್ ಏರಿಸಿಕೊಂಡು ದೇಶದಿಂದ ದೇಶಕ್ಕೆ ಹೋಗುತ್ತ, ಯಾರ ಕೈಕೆಳಗೂ ದುಡಿಯದೆ, ಎಲ್ಲೋ ದೂರದಲ್ಲಿರುವ ಗಿರಾಕಿಗೆ ಕೆಲಸ ಮಾಡಿಕೊಟ್ಟು ಬದುಕುವವರನ್ನು ಇಂದು ‘ಡಿಜಿಟಲ್ ನೊಮ್ಯಾಡ್’ ಎನ್ನುತ್ತಾರೆ. ತ್ಸುಗಿಯೊ ಮಕಿಮೊಟೊ ಮತ್ತು ಡೇವಿಡ್ ಮ್ಯಾನರ್ಸ್ 1997ರಲ್ಲಿ ಇದೇ ಹೆಸರಿನ ಪುಸ್ತಕವೊಂದನ್ನು ಬರೆದಿದ್ದರು. ಹೆಸರೇನೋ ಹೊಸದು. ಆದರೆ ಹುಟ್ಟಿದೂರು ಬಿಟ್ಟು, ದೂರದವರ ಬರವಣಿಗೆಯನ್ನೇ ನಂಬಿ ಸ್ವಂತ ದುಡಿಮೆ ನಡೆಸುವವನ ಏಳುಬೀಳು ಎಂಥದ್ದೆಂದು ತಿಳಿಯಲು ನಮ್ಮ ಕರಾವಳಿಯ ಚರಿತ್ರೆಯಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ.

ಅಬ್ರಹಾಂ ಬೆನ್ ಯಿಜು ಟ್ಯುನಿಷಿಯಾದ ಮಹ್ದಿಯಾ ಪಟ್ಟಣದ ಯಹೂದಿ. ಅಡನ್ ಬಂದರಿಗೆ ಬಂದು, ಅಲ್ಲಿಂದ 1132ರ ಹೊತ್ತಿಗೆ ಅಳುಪರ ಆಳ್ವಿಕೆಯ ಮಂಗಳೂರು ಸೇರಿದ. ಸುಮಾರು ಹದಿನೇಳು ವರ್ಷ ಈ ಕರಾವಳಿಯಲ್ಲೇ ಕಳೆದ. ಅವನ ಕತೆ ನಮಗೆ ಸಿಕ್ಕಿರುವುದು ಒಂದು ಶ್ರದ್ಧೆಯ ದೆಸೆಯಿಂದ. ದೇವರ ಹೆಸರಿರಬಹುದಾದ ಕಾಗದವನ್ನು ಎಸೆಯಬಾರದೆಂದು ಹಳೆಯ ಕೈರೊದ ಯಹೂದಿಗಳು ತಮ್ಮ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ ಪತ್ರ, ಲೆಕ್ಕ, ಕರಾರುಗಳನ್ನೆಲ್ಲ ಹಾಕಿಡುತ್ತಿದ್ದರು. ಇದೇ ‘ಗೆನಿಜಾ’. ಬೆನ್ ಯಿಜುವಿನ ಕಾಗದಗಳೂ ಅಲ್ಲಿದ್ದವು. ಭಾಷೆ ಅರಬಿ, ಲಿಪಿ ಹೀಬ್ರೂ. ಎಸ್.ಡಿ. ಗಾಯ್ಟೈನ್ ಅವನ್ನು ಓದಿ ವಿವರಿಸಿದರು. ಅಮಿತಾವ್ ಘೋಷ್ ತಮ್ಮ 1992ರ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಪುಸ್ತಕದಲ್ಲಿ ಅವನ್ನು ಎಲ್ಲರ ಮುಂದಿಟ್ಟರು.

ಅವನ ಬಂಡವಾಳ ಹಣಕ್ಕಿಂತ ಹೆಚ್ಚಾಗಿ ಅಡನ್‌ನಲ್ಲಿದ್ದ ಸ್ನೇಹಿತರು. ಅವರಲ್ಲಿ ಮುಖ್ಯನಾದವನು ಅಲ್ಲಿನ ವ್ಯಾಪಾರಿಗಳ ಪ್ರತಿನಿಧಿ ಮದ್ಮೂನ್. ಬೆನ್ ಯಿಜು ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುವನು. ಮದ್ಮೂನ್ ಮಾರಿ, ಸುಂಕ ಕಟ್ಟಿ, ಲೆಕ್ಕ ಬರೆದು, ಉಳಿದ ಹಣಕ್ಕೆ ಬೇಕಾದ ಸಾಮಾನು ಕಳಿಸುವನು. ಇದಕ್ಕೆ ಕಮಿಷನ್ ಇಲ್ಲ. ನೀನು ನನಗೆ, ನಾನು ನಿನಗೆ. ಅಡನ್‌ನಿಂದ ಬಂದ ಹಳೆಯ, ಒಡೆದ ತಾಮ್ರದ ಪಾತ್ರೆಗಳನ್ನು ಇಲ್ಲಿನ ತನ್ನ ಕಂಚಿನ ಕಾರ್ಖಾನೆಯಲ್ಲಿ ಹೊಸದಾಗಿ ಎರಕ ಹೊಯ್ಯಿಸಿ ಮರಳಿ ಕಳಿಸುವ ಉದ್ಯಮವೂ ಅವನಿಗಿತ್ತು. ಈ ಜಾಲದಲ್ಲಿ ಧರ್ಮ ಅಡ್ಡ ಬಂದಂತೆ ಕಾಣುವುದಿಲ್ಲ. ಯಹೂದಿಯಾದ ಮದ್ಮೂನ್ ಅಡನ್‌ನ ಮುಸ್ಲಿಂ ಗವರ್ನರ್ ಬಿಲಾಲ್ ಇಬ್ನ್ ಜರೀರ್ ಜೊತೆ ಪಾಲುಗಾರಿಕೆಯಲ್ಲಿ ಸಿಂಹಳಕ್ಕೆ ಹಡಗು ಬಿಟ್ಟಿದ್ದ. ಮಂಗಳೂರಿನ ಬನಿಯಾ ವರ್ತಕರಿಗೂ ಅವನ ಸಂದೇಶಗಳು ಬೆನ್ ಯಿಜುವಿನ ಮೂಲಕ ತಲುಪುತ್ತಿದ್ದವು.

ಆದರೆ ಮಳೆಗಾಲದ ಗಾಳಿಯನ್ನು ನಂಬಿದ ಹಡಗು ವರ್ಷಕ್ಕೊಮ್ಮೆ ಮಾತ್ರ. ಒಂದು ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಪೇಟೆಯ ದರವೇ ಬದಲಾಗಿರುತ್ತಿತ್ತು. ಒಮ್ಮೆ ಅವನ ಸರಕಿದ್ದ ಹಡಗು ಅಡನ್ ಸಮೀಪ ಮುಳುಗಿತು. ಮುಳುಗುಗಾರರು ಕಬ್ಬಿಣದ ಅರ್ಧ ಭಾಗವನ್ನು ಎತ್ತಿ ತಂದರು. ಮೆಣಸು ಪೂರ್ತಿ ನೀರುಪಾಲು. ಇನ್ನೊಮ್ಮೆ ಏಲಕ್ಕಿಗೆಂದು ಸ್ಥಳೀಯನೊಬ್ಬನಿಗೆ ಮುಂಗಡ ಕೊಟ್ಟ, ಏಲಕ್ಕಿ ಬರಲಿಲ್ಲ. ಅಡನ್‌ನಲ್ಲಿ ನಿನ್ನ ಮಾನ ಕಳೆಯುತ್ತೇವೆಂದು ಅವನಿಗೆ ಹೆದರಿಸು ಎಂದು ಗೆಳೆಯರು ಬರೆದರು. ಸಾವಿರಾರು ಮೈಲಿ ದೂರದ ಬಂದರಿನಲ್ಲಿ ಹೋಗುವ ಮಾನಕ್ಕೆ ಸಾಲಗಾರ ಎಷ್ಟು ಅಂಜಿಯಾನು!

ಮದ್ಮೂನ್‌ನ ಪತ್ರಗಳಲ್ಲಿ ಇನ್ನೊಬ್ಬ ಬರುತ್ತಾನೆ: ಸರಕು ಹಿಡಿದು 1135ರಲ್ಲಿ ಅಡನ್‌ಗೆ ಹೋದ ಬೆನ್ ಯಿಜುವಿನ ಗುಲಾಮ. ಕುಡಿದು ಗಲಾಟೆ ಮಾಡಿ ಹೆಚ್ಚಿನ ಹಣ ಕೇಳಿದನೆಂದು ಅವನ ಮೇಲೆ ದೂರೂ ಇದೆ. ಮುಂದಿನ ಪತ್ರಗಳಲ್ಲಿ ಅವನಿಗೇ ಗೌರವದ ಸಲಾಮು! ಮೂರು ವ್ಯಂಜನಗಳಲ್ಲಷ್ಟೇ ಉಳಿದ ಆ ಹೆಸರು ತುಳುನಾಡಿನ ‘ಬೊಮ್ಮ’ ಇರಬೇಕೆಂದು ಘೋಷ್ ತೀರ್ಮಾನಿಸಿದ್ದು ಪ್ರೊ. ಬಿ.ಎ. ವಿವೇಕ ರೈಯವರ ನೆರವಿನಿಂದ. ಯಜಮಾನ ಮಂಗಳೂರಿನಲ್ಲಿ ಕುಳಿತು ವ್ಯಾಪಾರ ನಡೆಸಲು ಬೊಮ್ಮ ಸಮುದ್ರ ದಾಟಬೇಕಿತ್ತು. ‘ಸ್ವಂತ ದುಡಿಮೆ’ ಎಂಬ ಮಾತನ್ನು ಇಲ್ಲಿ ಸ್ವಲ್ಪ ಎಚ್ಚರದಿಂದಲೇ ಬಳಸಬೇಕು.

ಅಶು ಎಂಬ ದಾಸಿಯನ್ನು ಬೆನ್ ಯಿಜು 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಅವಳೇ ಅವನ ಮಕ್ಕಳ ತಾಯಿ ಎಂಬುದು ವಿದ್ವಾಂಸರ ಅಭಿಪ್ರಾಯ. 1149ರಲ್ಲಿ ಅವನು ಮಗ, ಮಗಳೊಂದಿಗೆ ಅಡನ್‌ಗೆ ಮರಳಿದ. ಅಶು ಜೊತೆಗೆ ಹೋದಳೆಂದು ಯಾವ ಕಾಗದವೂ ಹೇಳುವುದಿಲ್ಲ. ಕೈಯಲ್ಲಿ ಹಣವಿತ್ತು, ಆದರೆ ಹಿಂತಿರುಗಲು ಊರಿರಲಿಲ್ಲ: 1148ರಲ್ಲಿ ಸಿಸಿಲಿಯ ನಾರ್ಮನ್ನರು ಮಹ್ದಿಯಾವನ್ನು ವಶಪಡಿಸಿಕೊಂಡಿದ್ದರು, ಒಡಹುಟ್ಟಿದವರು ಚದುರಿಹೋಗಿದ್ದರು. ನನ್ನಲ್ಲಿರುವುದು ನಮ್ಮೆಲ್ಲರಿಗೂ ಸಾಕು, ಬನ್ನಿ ಎಂದು ಅವನು ಪತ್ರ ಬರೆದ. ತಮ್ಮ ಮುಬಶ್ಶಿರ್ ಅವನಿಂದ ಸಾವಿರ ದಿನಾರ್ ಲಪಟಾಯಿಸಿದ. ಮಗ ಸುರೂರ್ ಅಡನ್‌ನಲ್ಲಿ ತೀರಿಕೊಂಡ.

ಉಳಿದವಳು ಮಗಳು ಸಿತ್ತ್ ಅಲ್ ದಾರ್. ಅವಳನ್ನು ಕೇಳಿ ಅಡನ್‌ನ ಗೆಳೆಯರ ಮನೆಯಿಂದಲೇ ಸಂಬಂಧ ಬಂದಿತ್ತು. ಇಷ್ಟು ವರ್ಷ ತನ್ನ ಲೆಕ್ಕ ನೋಡಿಕೊಂಡವರ ಬಳಗವದು. ಆದರೂ ಅವನು ಒಪ್ಪಲಿಲ್ಲ. ಇನ್ನೊಬ್ಬ ಸಹೋದರ ಯೂಸುಫನ ಮಗನಿಗೇ ಕೊಡಬೇಕೆಂದು ಹಟ ಹಿಡಿದ. 1156ರಲ್ಲಿ ಈಜಿಪ್ತಿನ ಫುಸ್ತಾತ್‌ನಲ್ಲಿ ಮದುವೆ ನಡೆಯಿತು. ಮದುಮಗಳು ಹುಟ್ಟಿದ್ದು ನಮ್ಮ ಕರಾವಳಿಯಲ್ಲಿ, ಮದುಮಗ ಬಂದದ್ದು ಸಿಸಿಲಿಯಿಂದ.